ಕಥೆಗೊಂದು ಕೋಟೆಪೇಟೆ ಕಟ್ಟುವ ಬಗೆ: ಕೆರೆಯಿಂದ ಹೆಬ್ಬಾಗಿಲವರೆಗೆ

ಕಾಲ್ಪನಿಕ ಕೋಟೆಪೇಟೆಯ ನಕ್ಷೆ ಬರೆಯಲು ಕುಳಿತರೆ ಕೈ ತಾನಾಗಿ ಮೊದಲು ಗೋಡೆಯನ್ನೇ ಎಳೆಯುತ್ತದೆ. ಒಂದು ದುಂಡು ಸುತ್ತು, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಟ್ಟನಡುವೆ ಅರಮನೆ. ಉಳಿದ ಜಾಗಕ್ಕೆ ಮನೆ, ಗುಡಿ, ಅಂಗಡಿ ತುಂಬಿಸುವುದು ಆಮೇಲಿನ ಕೆಲಸ. ನಾನೂ ಹಾಗೆಯೇ ಶುರು ಮಾಡಿದೆ. ಮಕ್ಕಳಿಗಾಗಿ ಬರೆಯುತ್ತಿದ್ದ ಒಂದು ಉದ್ದ ಕಥೆಗೆ ಹೊಳೆ ಕಡಲು ಸೇರುವಲ್ಲಿ ಒಂದು ಊರು ಬೇಕಿತ್ತು. ಹೆಸರು ಕಲ್ಲಳಿವೆ. ಬೆಳ್ಳೊಳೆ ಎಂಬ ಹೊಳೆಯ ನೀರನ್ನು ಕಂದಕಕ್ಕೆ ತಿರುಗಿಸಿ, ಗೋಡೆಯ ಒಳಗೆ ನಾಲ್ಕು ಬಾವಿ ಬರೆದು, ಮಂಗಳೂರಿನ ಅಳಿವೆಯ ಬಳಿಯ ಬೆಂಗ್ರೆಯ ಕಡೆಯ ಒಬ್ಬ ಹಿರಿಯರಿಗೆ ತೋರಿಸಿದೆ. ಅವರು ದೋಣಿಯಲ್ಲೇ ಬೆಳೆದವರು. ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ ಒಂದೇ ಮಾತು ಕೇಳಿದರು: "ಅಳಿವೆಯ ಉಪ್ಪುನೀರನ್ನು ಊರ ಸುತ್ತ ತಂದಿಟ್ಟಿದ್ದೀರಲ್ಲ, ಎಪ್ರಿಲಲ್ಲಿ ಈ ಬಾವಿ ನೀರು ಬಾಯಿಗೆ ಹಾಕ್ಲಿಕ್ಕಾಗ್ತದಾ ಮಾರಾಯ್ರೆ?"

ಆಗುವುದಿಲ್ಲ. ಆ ನಕ್ಷೆಯನ್ನು ಅಲ್ಲೇ ಬದಿಗಿಟ್ಟೆ. ಅಂದಿನಿಂದ ನನ್ನ ಕ್ರಮ ತಿರುವುಮುರುವಾಯಿತು. ಮೊದಲು ನೀರು, ಆಮೇಲೆ ನೆಲ, ಅದರ ಮೇಲೆ ಬೀದಿ, ಕೇರಿ, ಗೋಡೆ ಕೊನೆಗೆ. ಕಥೆಗೋ ಆಟಕ್ಕೋ ನಾಟಕಕ್ಕೋ ಇಂಥ ಊರು ಬೇಕಾದವರಿಗೆ ಆ ಕ್ರಮವನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಉದಾಹರಣೆಗಳೆಲ್ಲ ಮಂಗಳೂರು, ಉಡುಪಿ ಸುತ್ತಿನವು. ನಮ್ಮ ಕಣ್ಣೆದುರೇ ಇಷ್ಟೊಂದು ಸಿಗುವಾಗ ಹಿಮ ಬೀಳುವ ದೇಶದ ಕೋಟೆಗಳನ್ನು ನಕಲು ಮಾಡಬೇಕಾದ್ದೇನೂ ಇಲ್ಲ.

ಹೆಜ್ಜೆ 1: ಪೆನ್ಸಿಲಿಗಿಂತ ಮೊದಲು ಕಾಲು

ಒಂದು ಬೆಳಗ್ಗೆ ಬೋಳೂರಿನ ಸುಲ್ತಾನ್ ಬತ್ತೇರಿಯಿಂದ ನಡಿಗೆ ಶುರು ಮಾಡಿ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಬುರುಜು ಅದು. ಮೇಲೆ ನಿಂತರೆ ಎದುರಿಗೆ ಗುರುಪುರ ಹೊಳೆ, ಅದರಾಚೆ ತಣ್ಣೀರುಬಾವಿಯ ಮರಳಪಟ್ಟಿ, ಅದಕ್ಕೂ ಆಚೆ ಕಡಲು. ಕಾವಲಿರುವುದು ಹೊಳೆಗೆ, ಹಡಗು ಒಳನುಗ್ಗುವ ದಾರಿಗೆ. ಇಷ್ಟು ಗಮನಿಸಿದರೆ ಅರ್ಧ ಪಾಠ ಆಯಿತು. ಅಲ್ಲಿಂದ ಹಳೇ ಬಂದರಿಗೆ, ಬಂದರಿನಿಂದ ರಥಬೀದಿಗೆ, ರಥಬೀದಿಯಿಂದ ಹಂಪನಕಟ್ಟೆಗೆ, ಕೊನೆಗೆ ಬಾವುಟಗುಡ್ಡೆಗೆ ಹತ್ತಿ. ಎಲ್ಲಿ ಏದುಸಿರು ಬಂತು, ಎಲ್ಲಿ ಗಾಳಿ ಸಿಕ್ಕಿತು, ಎಲ್ಲಿ ಮೀನಿನ ವಾಸನೆ ನಿಂತಿತು ಎಂದು ಬರೆದಿಟ್ಟುಕೊಳ್ಳಿ. ನಕ್ಷೆಯಲ್ಲಿ ಕಾಣದ್ದು ಇದೇ.

ಸಾಮಾನಿನ ವಿಷಯದಲ್ಲಿ ಹೇಳುವುದು ಕಡಿಮೆ. ಚೌಕದ ಹಾಳೆ ಒಂದು, ಅದರ ಮೇಲೆ ಹಾಸಲು ಟ್ರೇಸಿಂಗ್ ಹಾಳೆ ನಾಲ್ಕು, ರಬ್ಬರು. ನೀರಿಗೆ ಒಂದು ಹಾಳೆ, ನೆಲಕ್ಕೆ ಒಂದು, ಬೀದಿ ಮನೆಗಳಿಗೆ ಒಂದು, ಗೋಡೆಗೆ ಒಂದು. ಬೇರೆ ಬೇರೆ ಹಾಳೆ ಏಕೆಂದರೆ ಗೋಡೆಯನ್ನು ಹತ್ತು ಸಲ ಅಳಿಸಬೇಕಾಗುತ್ತದೆ. ಆಗ ಕೆರೆ ಅಳಿಯಬಾರದು.

ಹೆಜ್ಜೆ 2: ನೀರು ಎಲ್ಲಿಂದ, ಎಲ್ಲಿಗೆ

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಊರಿಗೆ ಎರಡು ಚಿಂತೆ. ಮಳೆಗಾಲದಲ್ಲಿ ಈ ನೀರನ್ನು ಹೊರಗೆ ಕಳಿಸುವುದು ಹೇಗೆ, ಬೇಸಗೆಗೆ ಒಂದಿಷ್ಟು ಉಳಿಸಿಕೊಳ್ಳುವುದು ಹೇಗೆ. ಇವೆರಡಕ್ಕೂ ಉತ್ತರ ಸಿಗುವವರೆಗೆ ಮುಂದಿನ ಹಾಳೆಗೆ ಹೋಗಬೇಡಿ.

ಮೊದಲು ಹೊಳೆ ಎಳೆಯಿರಿ, ಅಳಿವೆ ಗುರುತಿಸಿ. ನಮ್ಮ ಹೊಳೆಗಳು ಕಡಲಿಗೆ ನೆಟ್ಟಗೆ ಹೋಗಿ ಬೀಳುವುದು ಅಪರೂಪ. ಅಲೆ ತಂದು ಒಟ್ಟುವ ಮರಳು ದಡದುದ್ದಕ್ಕೂ ಕೋಲಿನ ಹಾಗೆ ಮಲಗುತ್ತದೆ. ಹೊಳೆ ಅದರ ಹಿಂದೆ ಒಂದಷ್ಟು ದೂರ ಕಡಲಿಗೆ ಸಮಾನಾಂತರವಾಗಿ ಹರಿದು ಎಲ್ಲೋ ಒಂದು ಕಡೆ ಬಾಯಿ ಬಿಡುತ್ತದೆ. ಬೆಂಗ್ರೆ, ತಣ್ಣೀರುಬಾವಿ ಹುಟ್ಟಿದ್ದು ಹೀಗೆ. ಹಡಗಿಗೆ ಇದು ವರವೂ ಹೌದು, ಶಾಪವೂ ಹೌದು. ಮರಳಪಟ್ಟಿಯ ಹಿಂದೆ ನೀರು ಶಾಂತ, ಆದರೆ ಅಳಿವೆಯಲ್ಲಿ ಮರಳ ದಿಬ್ಬ ಜಾಗ ಬದಲಿಸುತ್ತ ಇರುತ್ತದೆ. ಅದರ ಮೇಲೆ ದಾಟಲು ಉಬ್ಬರ ಕಾಯಬೇಕು. ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ನಿಮ್ಮ ಕಥೆಯಲ್ಲಿ ಶತ್ರುವಿನ ನೌಕೆ ಇಷ್ಟ ಬಂದ ಹೊತ್ತಿಗೆ ಬಂದರಿಗೆ ಬರಲಾರದು, ನಾಯಕ ಇಷ್ಟ ಬಂದ ಹೊತ್ತಿಗೆ ಓಡಿಹೋಗಲಾರ. ಇದೊಂದೇ ಸಂಗತಿಯಿಂದ ನನ್ನ ಕಥೆಯ ಎರಡು ಅಧ್ಯಾಯಗಳು ಹುಟ್ಟಿದವು.

ಈಗ ಉಪ್ಪು. ಮಳೆಗಾಲದಲ್ಲಿ ಹೊಳೆಯ ಸೆಳೆತ ಕಡಲನ್ನು ಹೊರಗೆ ತಳ್ಳುತ್ತದೆ, ಬೇಸಗೆಯಲ್ಲಿ ಹೊಳೆ ಸೊರಗಿದಾಗ ಉಬ್ಬರದ ಜೊತೆ ಉಪ್ಪುನೀರು ಮೇಲೇರಿ ಬರುತ್ತದೆ. ಅದು ಎಲ್ಲಿಯವರೆಗೆ ಬರುತ್ತದೆಂದು ನಿಮ್ಮ ಹೊಳೆಯ ಮೇಲೆ ಒಂದು ಗೆರೆ ಹಾಕಿ. ಅಲ್ಲಿ ಊರವರು ವರ್ಷವೂ ಮಳೆ ನಿಂತ ಮೇಲೆ ಕಲ್ಲು ಮಣ್ಣಿನ ಕಟ್ಟ ಹಾಕುತ್ತಾರೆ, ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತದೆ. ಕಟ್ಟಕ್ಕೆ ಆಳು ಕಳಿಸುವ ಸರದಿ ಯಾವ ಮನೆಯದು ಎಂಬುದರ ಮೇಲೆ ಊರಲ್ಲಿ ಜಗಳ ಆಗದೇ ಇರುತ್ತದೆಯೇ?

ಸಿಹಿನೀರು ಎರಡು ಜಾಗದಲ್ಲಿ ಸಿಗುತ್ತದೆ. ಒಂದು, ಮರಳಪಟ್ಟಿಯಲ್ಲೇ. ಮರಳಿಗೆ ಇಳಿದ ಮಳೆನೀರು ಹಗುರ, ಅಡಿಯ ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ. ಹಿತವಾಗಿ ಸೇದಿದರೆ ಕಡಲ ಕೂಗಳತೆಯಲ್ಲೂ ಸಿಹಿ, ಅತಿಯಾಗಿ ಸೇದಿದರೆ ಉಪ್ಪು. ತಣ್ಣೀರುಬಾವಿ ಎಂಬ ಹೆಸರನ್ನು ಇನ್ನೊಮ್ಮೆ ಬಾಯಲ್ಲಿ ಹೇಳಿಕೊಂಡು ನೋಡಿ. ಇನ್ನೊಂದು, ಮುರಕಲ್ಲಿನ ಗುಡ್ಡೆಯ ಬುಡ. ಮುರಕಲ್ಲು ತೂತು ತೂತಾದ ಕಲ್ಲು, ಮಳೆ ಅದರೊಳಗೆ ಇಳಿಯುತ್ತದೆ. ಅಡಿಯ ಶೇಡಿಮಣ್ಣು ನೀರನ್ನು ಬಿಡುವುದಿಲ್ಲ. ಆ ಎರಡು ಪದರ ಕೂಡುವಲ್ಲಿ ಗುಡ್ಡೆಯ ಬದಿಯಿಂದ ಒರತೆ ಹೊರಡುತ್ತದೆ. ಕದ್ರಿಯ ಗುಡ್ಡೆಯಲ್ಲಿ ಗೋಮುಖದಿಂದ ಬೀಳುವ ನೀರು, ಅದರ ಹತ್ತಿರದ ಕೆರೆಗಳು ನೆನಪಾಗಲಿ.

ಒರತೆ ಸಾಲದಿದ್ದರೆ ಸುರಂಗ. ದಕ್ಷಿಣ ಕನ್ನಡದ ದಕ್ಷಿಣ ಭಾಗ, ಕಾಸರಗೋಡು ಕಡೆ ಗುಡ್ಡೆಗೆ ಅಡ್ಡವಾಗಿ ಒಬ್ಬ ಮನುಷ್ಯ ತೂರುವಷ್ಟು ಅಗಲಕ್ಕೆ ಕೊರೆದು ನೀರು ತರುವ ಕ್ರಮ ಇವತ್ತಿಗೂ ಉಂಟು. ಕೋಟೆಯ ಕಥೆಗಳಲ್ಲಿ ಗುಪ್ತಮಾರ್ಗ ಎಂದರೆ ಎರಡು ಕುದುರೆ ಓಡುವ ಅಗಲದ ಸುರಂಗವನ್ನೇ ಬರೆಯುತ್ತಾರೆ. ಕಾಲಡಿ ನೀರು, ತಲೆಗೆ ತಾಗುವ ಕಲ್ಲು, ಬಾವಲಿಗಳು, ಮುಂದೆ ಹೋಗುವವನ ದೀಪ ಆರಿದರೆ ಹಿಂದಿನವನಿಗೂ ಕತ್ತಲೆ: ಇಂಥ ನೀರ ಸುರಂಗವನ್ನು ಬರೆಯಿರಿ. ಮುತ್ತಿಗೆ ಬಿದ್ದಾಗ ಊರನ್ನು ಉಳಿಸುವುದೂ ಅದೇ, ಹಗೆಗೆ ದಾರಿ ಕೊಡುವುದೂ ಅದೇ. ಚಿತ್ರದುರ್ಗದ ಒನಕೆ ಓಬವ್ವನ ಕಿಂಡಿಯ ಕಥೆಯಲ್ಲಿ ಗಂಡ ಊಟಕ್ಕೆ ಕೂತಾಗ ಓಬವ್ವ ನೀರು ತರಲು ಹೋದದ್ದು ಮರೆಯಬಾರದ ವಿವರ.

ಹೆಜ್ಜೆ 3: ನೆಲಕ್ಕೆ ಹೆಸರಿಡುವುದು

ಎರಡನೇ ಹಾಳೆಯಲ್ಲಿ ಏರುತಗ್ಗು ಬರೆಯಿರಿ. ನಮ್ಮ ಹಿರಿಯರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದರು. ನೀರು ಬಹುಕಾಲ ನಿಲ್ಲುವ ತಗ್ಗು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು. ಅದಕ್ಕೂ ಮೇಲೆ ಬೋಳು ಮುರಕಲ್ಲಿನ ಪದವು. ಹೊಳೆಯ ನಡುವಿನ ದ್ವೀಪ ಕುದ್ರು. ಈ ಐದೇ ಪದಗಳಿಂದ ನಕ್ಷೆಯ ಮುಕ್ಕಾಲು ಹೆಸರುಗಳು ಹುಟ್ಟುತ್ತವೆ. ಊರನ್ನು ಬೈಲಿನಲ್ಲಿ ಕಟ್ಟಬೇಡಿ, ಅನ್ನ ಬೆಳೆಯುವ ಜಾಗ ಅದು, ಆಷಾಢದಲ್ಲಿ ಮುಳುಗುತ್ತದೆ. ಪದವಿನ ನೆತ್ತಿಯಲ್ಲೂ ಬೇಡ, ಅಲ್ಲಿ ಬಾವಿ ತೀರಾ ಆಳ. ಗುಡ್ಡೆಯ ಸೊಂಟದಲ್ಲಿ, ಒರತೆಗಿಂತ ಸ್ವಲ್ಪ ಕೆಳಗೆ, ನೆರೆಗಿಂತ ಮೇಲೆ. ಕಲ್ಲಳಿವೆಯನ್ನು ನಾನು ಅಲ್ಲಿಗೆ ಸರಿಸಿದ ಮೇಲೆ ಉಳಿದದ್ದೆಲ್ಲ ತಾನಾಗಿ ಜಾಗ ಹುಡುಕಿಕೊಂಡಿತು.

ಹೆಜ್ಜೆ 4: ಊರು ಯಾಕೆ ಉಂಟು, ಯಾವ ಕಾಲದ್ದು

ಗೋಡೆ ಕಟ್ಟುವಷ್ಟು ದುಡ್ಡು ಎಲ್ಲಿಂದ ಬಂತೆಂದು ಹೇಳಲಾಗದಿದ್ದರೆ ಊರು ಗಾಳಿಯಲ್ಲಿ ತೇಲುತ್ತದೆ. ಕರಾವಳಿಯಲ್ಲಿ ಉತ್ತರ ಸುಲಭ: ಘಟ್ಟದಿಂದ ಇಳಿಯುವ ಕಾಳುಮೆಣಸು, ಬಯಲಿನ ಅಕ್ಕಿ, ಅದನ್ನು ಒಯ್ಯಲು ಬರುವ ಹಡಗು. 1340ರ ದಶಕದಲ್ಲಿ ಮಂಗಳೂರಿಗೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಪರ್ಷಿಯಾ, ಯೆಮನ್ ಕಡೆಯ ವರ್ತಕರು ಬರುವುದನ್ನೂ ಮೆಣಸು, ಶುಂಠಿ ಹೇರಳವಾಗಿರುವುದನ್ನೂ ಬರೆದಿದ್ದಾನೆ. ಆ ವರ್ತಕರ ನೆಲೆ ಊರಿಗೆ ಹೊಂದಿಕೊಂಡು ಬೇರೆಯೇ ಇತ್ತು. ಊರವರಿಗೂ ಅವರಿಗೂ ಆಗಾಗ ಕಾದಾಟ ಆಗುತ್ತಿತ್ತು. ವರ್ತಕರು ಬೇಕಾದ್ದರಿಂದ ಅರಸ ಸಂಧಿ ಮಾಡಿಸುತ್ತಿದ್ದ. ಇಡೀ ಕಾದಂಬರಿಗೆ ಸಾಕಾಗುವಷ್ಟು ಕಥೆ ಈ ಮೂರು ಸಾಲಿನಲ್ಲಿದೆ.

ವರ್ಷ ಗೊತ್ತುಮಾಡಿಕೊಳ್ಳಿ. ನನ್ನ ಕಲ್ಲಳಿವೆ 1450ರ ಆಸುಪಾಸಿನದು. ಹಾಗೆಂದ ಕೂಡಲೇ ಹಲವು ವಸ್ತುಗಳು ನಕ್ಷೆಯಿಂದ ಹೊರಗೆ ಹೋದವು. ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ, ಆದ್ದರಿಂದ ಆ ಕೆಂಪು ಹಂಚಿನ ಮಾಡುಗಳ ಸಾಲು ಇಲ್ಲ; ಮುಳಿಹುಲ್ಲು, ಮಡಲು (ತೆಂಗಿನ ಗರಿ). ಪೋರ್ಚುಗೀಸರ ನಂತರ ಬಂದ ಒಣಮೆಣಸು, ಗೇರುಬೀಜ, ಅನಾನಸು, ಪಪ್ಪಾಯಿ ಸಂತೆಯಲ್ಲಿ ಇಲ್ಲ. ಸಾರಿಗೆ ಖಾರ ಕಾಳುಮೆಣಸಿನದೇ. ಬತ್ತೇರಿಯಲ್ಲಿರುವಂಥ ಫಿರಂಗಿಯ ಕಿಂಡಿಗಳೂ ಇಲ್ಲ. ನಿಮ್ಮ ಊರು 1700ರದಾದರೆ ಇವುಗಳಲ್ಲಿ ಹಂಚಿನ ಕಾರ್ಖಾನೆ ಬಿಟ್ಟು ಉಳಿದವು ಇರಬಹುದು. ಕಾಲ್ಪನಿಕ ಊರಿಗೆ ಇಷ್ಟು ಲೆಕ್ಕ ಯಾಕೆ ಎನ್ನುವವರು ಇದ್ದಾರೆ. ಓದುವ ಅಜ್ಜಿಯೊಬ್ಬರು ಒಂದು ತಪ್ಪು ಹಿಡಿದರೆ ಉಳಿದ ಸತ್ಯವನ್ನೂ ನಂಬುವುದಿಲ್ಲ, ಅದಕ್ಕೆ.

ಹೆಜ್ಜೆ 5: ಅಳತೆ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಕಲ್ಲಳಿವೆ ಮೊಟ್ಟೆಯ ಆಕಾರದ್ದು, ಉದ್ದ 800 ಮೀಟರ್, ಅಗಲ 450. ಒಳಗಿನ ಜಾಗ ಸುಮಾರು 70 ಎಕ್ರೆ, ಗೋಡೆಯ ಸುತ್ತಳತೆ ಎರಡು ಕಿಲೋಮೀಟರ್. ಎಕ್ರೆಗೆ 60 ಜನರೆಂದು ನಾನು ಹಿಡಿದುಕೊಂಡದ್ದು. ತೋಟ, ಕೆರೆ, ಗುಡಿಯ ಅಂಗಳ ಎಲ್ಲ ಕಳೆದರೆ ಇದು ಇಕ್ಕಟ್ಟೇ. ಅಂದರೆ 4,200 ಮಂದಿ. ಒಂದು ಕೊನೆಯಿಂದ ಇನ್ನೊಂದಕ್ಕೆ ಹತ್ತು ನಿಮಿಷದ ನಡಿಗೆ. ಇಷ್ಟು ಸಣ್ಣ ಊರಿನಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿರುತ್ತದೆ, ಹೊಸಬರು ಬಂದರೆ ಸಂಜೆಯೊಳಗೆ ಸುದ್ದಿ.

ಗೋಡೆ ಐದು ಮೀಟರ್ ಎತ್ತರ, ಎರಡು ಮೀಟರ್ ದಪ್ಪ ಎಂದಿಟ್ಟರೆ 20,000 ಘನ ಮೀಟರ್ ಕಲ್ಲು ಬೇಕು. ಎಲ್ಲಿಂದ? ಮುರಕಲ್ಲಿನ ಗುಣವೇ ಇಲ್ಲಿ ಕೈಹಿಡಿಯುತ್ತದೆ. ನೆಲದೊಳಗೆ ಇರುವಾಗ ಕಡಿಯಲು ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. 1800-01ರಲ್ಲಿ ಈ ಕಡೆ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರು ಕೊಟ್ಟದ್ದು ಸುಮ್ಮನೆ ಅಲ್ಲ. ಈಗ ಲೆಕ್ಕ ಮಾಡಿ: ನೂರು ಮೀಟರ್ ಉದ್ದ, ನೂರು ಮೀಟರ್ ಅಗಲದ ಜಾಗವನ್ನು ಎರಡು ಮೀಟರ್ ಆಳ ಕಡಿದರೆ ಸರಿಯಾಗಿ ಅಷ್ಟೇ ಕಲ್ಲು. ಗೋಡೆ ಎದ್ದು ನಿಂತ ದಿನ ಅದರಷ್ಟೇ ದೊಡ್ಡ ಹೊಂಡವೂ ಬಾಯ್ದೆರೆದು ಮಲಗಿರುತ್ತದೆ. ಶೇಡಿಮಣ್ಣು ಮೆತ್ತಿ ಸೋರದಂತೆ ಮಾಡಿದರೆ ಅದೇ ಊರಿನ ದೊಡ್ಡ ಕೆರೆ. ಒಂದೇ ಮಳೆಗಾಲದಲ್ಲಿ ಆಕಾಶದಿಂದ ನೇರ ಬಿದ್ದ ನೀರಿಗೇ ತುಂಬಿ ಕೋಡಿ ಹರಿಯುತ್ತದೆ. 4,200 ಮಂದಿಗೆ ದಿನಕ್ಕೆ ತಲಾ 15 ಲೀಟರಿನ ಹಾಗೆ ಆರು ತಿಂಗಳಿಗೆ 11,000 ಘನ ಮೀಟರ್ ಚಿಲ್ಲರೆ ಬೇಕು. ಬಿಸಿಲಿಗೆ ಆರಿ ಹೋಗುವುದನ್ನು ಸೇರಿಸಿದರೆ ಕೆರೆ ಮೇ ಕೊನೆಗೆ ತಳ ಕಾಣುತ್ತದೆ. ಈ ಲೆಕ್ಕ ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಊರು ಮೊದಲ ಸಲ ನಿಜ ಎನಿಸಿತು.

ಅಕ್ಕಿಯದೂ ಹೀಗೆಯೇ. ತಲೆಗೆ ಅರ್ಧ ಕಿಲೊ ಎಂದರೆ ದಿನಕ್ಕೆ ಎರಡು ಟನ್ ಮಿಕ್ಕಿ, ಹತ್ತಿರ ಹತ್ತಿರ 50 ಮುಡಿ (ಬೈಹುಲ್ಲಲ್ಲಿ ಸುತ್ತಿದ ಅಕ್ಕಿಯ ಮೂಟೆ, ಒಂದರಲ್ಲಿ 40 ಕಿಲೊ ಮಿಕ್ಕಿ). ಮಳೆಯ ನಾಲ್ಕು ತಿಂಗಳಿಗೆ 6,000 ಮುಡಿ ಹಿಡಿಸುವ ಉಗ್ರಾಣ ಬೇಕು, ನೆಲದಿಂದ ಎತ್ತರಿಸಿದ, ಗಾಳಿಯಾಡುವ ಕಟ್ಟಡ. 1783ರ ಮೇ ತಿಂಗಳಿಂದ 1784ರ ಜನವರಿವರೆಗೆ ಮಂಗಳೂರು ಕೋಟೆಗೆ ಟಿಪ್ಪುವಿನ ಮುತ್ತಿಗೆ ಬಿದ್ದಿತ್ತು. ಒಳಗಿದ್ದ ಇಂಗ್ಲಿಷ್ ಕಾವಲು ಪಡೆ ಕೊನೆಗೆ ಸೋತದ್ದು ಹಸಿವು ಮತ್ತು ಕಾಯಿಲೆಯಿಂದ. ಉಗ್ರಾಣವನ್ನು ನಕ್ಷೆಯ ಮೂಲೆಗೆ ತಳ್ಳಬೇಡಿ.

ಹೆಜ್ಜೆ 6: ನಡುವಿನ ಬೀದಿ

ಉಡುಪಿಗೆ ಕೋಟೆಯಿಲ್ಲ, ಆದರೂ ಊರ ಹೃದಯವನ್ನು ಹೇಗೆ ಬರೆಯಬೇಕೆಂದು ಕಲಿಯಲು ಅಲ್ಲಿಗೇ ಹೋಗಬೇಕು. ಅನಂತೇಶ್ವರ, ಚಂದ್ರಮೌಳೀಶ್ವರ ನಡುವೆ, ಸುತ್ತ ರಥಬೀದಿ, ಬೀದಿಗೆ ಮುಖ ಮಾಡಿ ಕೃಷ್ಣಮಠ, ಅಷ್ಟಮಠಗಳು. ಬೀದಿಯ ಅಗಲವನ್ನು ತೇರು ನಿರ್ಧರಿಸಿದೆ. ತಿರುವಿನಲ್ಲಿ ತೇರು ಹೊರಳಬೇಕು, ಅದಕ್ಕೆ ಮೂಲೆಗಳು ತೆರವಾಗಿವೆ. ನಿಮ್ಮ ಊರಿನಲ್ಲೂ ಮೊದಲು ತೇರಿನ ಅಳತೆ ಬರೆದು, ಅದು ಒಂದು ಸುತ್ತು ಬರುವಷ್ಟು ಜಾಗ ಬಿಟ್ಟು, ಆಮೇಲೆ ಮನೆಗಳನ್ನು ಒತ್ತೊತ್ತಿಗೆ ತನ್ನಿ. ವರ್ಷದಲ್ಲಿ ಕೆಲವು ದಿನ ತೇರು, ಉಳಿದ ದಿನ ಅಲ್ಲೇ ಹೂವು, ತರಕಾರಿ, ಹುಡುಗರ ಆಟ.

ನಮ್ಮ ಕಡೆಯ ಹಳೇ ಗುಡಿ ಬಸದಿಗಳಿಗೆ ಮುಗಿಲೆತ್ತರದ ಗೋಪುರ ಬರೆಯುವುದು ಸಲ್ಲ. ಮಳೆ ಅವನ್ನು ಇಳಿಜಾರು ಮಾಡುಗಳನ್ನಾಗಿ ತಗ್ಗಿಸಿದೆ. 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಹೊರಗೆ ನಿಂತು ಅದರ ಮಾಡುಗಳನ್ನು ಒಮ್ಮೆ ಬಿಡಿಸಿ ಅಭ್ಯಾಸ ಮಾಡಿ, ಗೆರೆ ತಾನಾಗಿ ತಿದ್ದಿಕೊಳ್ಳುತ್ತದೆ.

ಹೆಜ್ಜೆ 7: ಕೇರಿಗಳು

ಬಾರ್ಕೂರು ಆಳುಪರ ರಾಜಧಾನಿಯಾಗಿತ್ತು, ಆಮೇಲೆ ವಿಜಯನಗರದವರ ಆಡಳಿತದ ನೆಲೆ. ಅಲ್ಲಿ ಇವತ್ತು ನಡೆದರೂ ಮೂಡುಕೇರಿ, ಕೋಟೆಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂಬ ಹೆಸರುಗಳು ಸಿಗುತ್ತವೆ. ದಿಕ್ಕು, ಕೋಟೆ, ಕಸುಬು: ಕೇರಿಗೆ ಹೆಸರು ಬರುವ ದಾರಿಗಳು ಇವೇ. ಕೇರಿಗಳನ್ನು ಗಾಳಿ ನೋಡಿ ಇಡಿ. ಮಳೆಯಿಲ್ಲದ ತಿಂಗಳುಗಳಲ್ಲಿ ಹಗಲು ಕಡಲಿಂದ ನೆಲಕ್ಕೆ ಗಾಳಿ, ರಾತ್ರಿ ನೆಲದಿಂದ ಕಡಲಿಗೆ. ಮಡಲು ಹೊದೆಸಿದ ಊರಿನಲ್ಲಿ ಕಿಡಿ ಎಂದರೆ ಜೀವಭಯ. ಆದ್ದರಿಂದ ಕುಂಬಾರರ ಆವಿಗೆ ಪೂರ್ವದ ಬಾಗಿಲಿನ ಹೊರಗೆ, ಬೈಲಿನ ಜೇಡಿಮಣ್ಣಿನ ಹತ್ತಿರ; ಬೆಂಕಿ ಹಾಕುವುದು ಹಗಲಲ್ಲಿ, ಕಿಡಿ ಗದ್ದೆಯ ಕಡೆ ಹಾರುವಂತೆ. ಕಮ್ಮಾರರಿಗೂ ಅಲ್ಲೇ ಜಾಗ. ಮೀನು ಒಣಗಿಸುವುದು ಊರಿನ ನೇರ ಪಶ್ಚಿಮಕ್ಕೆ ಬೇಡ, ಉತ್ತರಕ್ಕೆ ಸರಿದ ಮರಳಿನಲ್ಲಿ.

ಯಾರು ಗೋಡೆಯ ಒಳಗೆ, ಯಾರು ಹೊರಗೆ ಎಂಬುದನ್ನು ಮುಚ್ಚಿಡಬೇಡಿ. ಕೋಟೆಯ ಕಲ್ಲು ಹೊತ್ತವರಲ್ಲಿ ಎಷ್ಟೋ ಮಂದಿಗೆ ಸಂಜೆಯ ಮೇಲೆ ಅದರೊಳಗೆ ಇರುವ ಹಕ್ಕು ಇರುತ್ತಿರಲಿಲ್ಲ. ಅವರ ಮನೆಗಳನ್ನು ನಕ್ಷೆಯಲ್ಲಿ ಬರೆಯಿರಿ, ಅವರ ಬಾವಿಯನ್ನೂ ಬರೆಯಿರಿ, ಅದಕ್ಕೊಂದು ಹೆಸರು ಕೊಡಿ. ದಂಡು ಬರುವ ಸುದ್ದಿ ಮೊದಲು ತಿಳಿಯುವುದು ಅವರಿಗೆ, ಹೊಡೆತ ಮೊದಲು ಬೀಳುವುದೂ ಅವರಿಗೆ. 1665ರಲ್ಲಿ ಶಿವಾಜಿಯ ಪಡೆ ಕಡಲ ದಾರಿಯಲ್ಲಿ ಬಂದು ಬಸ್ರೂರನ್ನು ಸೂರೆ ಮಾಡಿತು. ಅಂಥ ಬೆಳಗ್ಗೆ ದಡದ ಗುಡಿಸಲಿನಲ್ಲಿ ಮೊದಲು ಎದ್ದವರು ಯಾರಿರಬಹುದೆಂದು ಯೋಚಿಸಿ.

ಹೆಜ್ಜೆ 8: ಈಗ ಗೋಡೆ

ನಾಲ್ಕನೇ ಹಾಳೆ ಹಾಸಿ. ಒರತೆ, ಕೆರೆ, ಉಗ್ರಾಣ, ರಥಬೀದಿ, ದಕ್ಕೆಗೆ (ದೋಣಿ ನಿಲ್ಲುವ ಕಟ್ಟೆಗೆ) ಇಳಿಯುವ ದಾರಿ ಇಷ್ಟನ್ನು ಒಳಗೆ ಹಿಡಿದು ಗೆರೆ ಎಳೆದರೆ ಗೋಡೆ ತಾನಾಗಿ ಅಂಕುಡೊಂಕಾಗುತ್ತದೆ. ಗುಡ್ಡೆಯ ಅಂಚು ಸಿಕ್ಕಿದಲ್ಲಿ ಅದನ್ನೇ ಗೋಡೆ ಮಾಡಿಕೊಳ್ಳಿ. ನಾಗಬನ ಅಡ್ಡ ಬಂದರೆ ಗೋಡೆಯೇ ಬಳಸಿ ಹೋಗಬೇಕು, ಅಲ್ಲಿನ ಮರಕ್ಕೆ ಕೊಡಲಿ ತಾಗದು. ಕಲ್ಲಳಿವೆಯಲ್ಲಿ ಹಾಗೊಂದು ಒಳಬಾಗು ಉಂಟು. ದಳವಾಯಿಗೆ ಅದು ದೌರ್ಬಲ್ಯ, ಊರವರಿಗೆ ಅದು ರಕ್ಷೆ. ಇಬ್ಬರೂ ಸರಿ.

ಬಾಗಿಲು ನಾಲ್ಕು ಇರಲೇಬೇಕೆಂದಿಲ್ಲ. ದಾರಿ ಎಷ್ಟೋ ಬಾಗಿಲೂ ಅಷ್ಟೇ. ಹೆಸರು ದಾರಿ ತಲುಪುವ ಊರಿನಿಂದಲೋ ಅದರಲ್ಲಿ ಸಾಗುವ ವಸ್ತುವಿನಿಂದಲೋ ಬರಲಿ; ಶ್ರೀರಂಗಪಟ್ಟಣದಲ್ಲಿ ಮೈಸೂರು ಬಾಗಿಲು, ಬೆಂಗಳೂರು ಬಾಗಿಲು, ಆನೆ ಬಾಗಿಲು ಇದ್ದ ಹಾಗೆ. ನನ್ನಲ್ಲಿ ಮೂರು: ಎತ್ತಿನ ಮೇಲೆ ಮೆಣಸು ಇಳಿದು ಬರುವ ಘಟ್ಟದ ಬಾಗಿಲು, ದಕ್ಕೆಗೆ ತೆರೆಯುವ ಮಂಜಿ ಬಾಗಿಲು (ಮಂಜಿ ಎಂದರೆ ಸರಕಿನ ಹಾಯಿದೋಣಿ), ಸುಡುಗಾಡಿಗೆ ಹೋಗುವ ತೆಂಕಣ ದಿಡ್ಡಿ. ಹೆಬ್ಬಾಗಿಲಿನ ದಾರಿ ನೆಟ್ಟಗೆ ಒಳಬರದೆ ಒಂದು ತಿರುವು ತೆಗೆದುಕೊಳ್ಳಲಿ, ಆನೆಗೂ ದಂಡಿಗೂ ಓಡಿ ಬಂದು ಡಿಕ್ಕಿ ಹೊಡೆಯಲು ಆಗದಂತೆ. ಕದದಲ್ಲಿ ಒಬ್ಬರು ಬಗ್ಗಿ ನುಗ್ಗುವ ಸಣ್ಣ ಬಾಗಿಲು ಇರಲಿ. ಮಳೆಗಾಲದ ಮುಂಚೆ ಗೋಡೆಯ ತಲೆಗೆ ಮಡಲು ಹೊದೆಸುವುದನ್ನು ಮರೆಯಬೇಡಿ, ನೀರು ಒಳಗೆ ಇಳಿದರೆ ಒಂದೇ ವರ್ಷದಲ್ಲಿ ಹೊಟ್ಟೆ ಉಬ್ಬಿ ಕುಸಿಯುತ್ತದೆ. ಮತ್ತೆ, ಮಳೆನೀರು ಹೊರಗೆ ಹೋಗುವ ತೂಬು. ನನ್ನ ಕಥೆಯ ಹುಡುಗಿ ಊರಿಂದ ತಪ್ಪಿಸಿಕೊಂಡದ್ದು ಅದರಲ್ಲೇ.

ಹೆಜ್ಜೆ 9: ಗುರುತುಗಳು

ಊರವರು ದಿಕ್ಕು ಹೇಳುವುದು ಗುರುತಿನಿಂದ. ನಮ್ಮ ಬಾಯಲ್ಲಿ ಈಗಲೂ ಹಾಗೆಯೇ: ಹಂಪನಕಟ್ಟೆಯಲ್ಲಿ ಇಳಿಯಿರಿ, ಬಾವುಟಗುಡ್ಡೆ ಏರಿ ಬನ್ನಿ. ಹಂಪನಕಟ್ಟೆಯಲ್ಲಿ ಕಟ್ಟೆ ಕಾಣುವುದಿಲ್ಲ, ಬಾವುಟಗುಡ್ಡೆಯಲ್ಲಿ ಹಳೇ ಬಾವುಟ ಹಾರುವುದಿಲ್ಲ. ವಸ್ತು ಹೋದ ಮೇಲೂ ಹೆಸರು ನಿಂತಿದೆ. ಕೆಲವು ವರ್ಷಗಳ ಹಿಂದೆ ಹಂಪನಕಟ್ಟೆಯಲ್ಲಿ ರಸ್ತೆ ಅಗೆದಾಗ ಡಾಂಬರಿನ ಅಡಿಯಲ್ಲಿ ಹಳೇ ಬಾವಿ ಸಿಕ್ಕಿತು. ಅಷ್ಟು ಕಾಲ ಬಸ್ಸುಗಳು ಅದರ ಮೇಲೇ ಓಡಾಡುತ್ತಿದ್ದವು. ನಿಮ್ಮ ಊರಿಗೂ ಇಂಥ ಎರಡು ಮೂರು ಹೆಸರು ಬೇಕು, ಈಗ ಇಲ್ಲದ್ದನ್ನು ನೆನಪಿಸುವಂಥವು. ಕಲ್ಲಳಿವೆಯ "ಹುಣಸೆಕಟ್ಟೆ"ಯಲ್ಲಿ ಹುಣಸೆ ಮರ ಸಿಡಿಲಿಗೆ ಹೋಗಿ ಮೂರು ತಲೆಮಾರು ಆಯಿತು.

ಗುರುತುಗಳನ್ನು ದೂರದ್ದು, ನಡುವಿನದ್ದು, ಹತ್ತಿರದ್ದು ಎಂದು ಬಗೆಯಿರಿ. ಕಡಲಲ್ಲಿರುವವನಿಗೆ ಕಾಣುವುದು ಗುಡ್ಡೆಯ ಬೆನ್ನು, ಒಂಟಿ ತಾಳೆಮರ, ರಾತ್ರಿ ಉರಿಯುವ ದೀಪ. 1432ರಲ್ಲಿ ನಿಂತ ಕಾರ್ಕಳದ 42 ಅಡಿಯ ಗೊಮ್ಮಟ ಬಂಡೆಯ ನೆತ್ತಿಯಲ್ಲಿ ಇರುವುದರಿಂದಲೇ ಅಷ್ಟು ದೂರಕ್ಕೂ ಊರಿನ ಗುರುತು. ಊರೊಳಗಿನವನಿಗೆ ಬಸದಿಯ ಮಾನಸ್ತಂಭ, ಗುಡಿಯ ಕೊಡಿಮರ, ಪಳ್ಳಿಯ (ಮಸೀದಿಯ) ಮೆಟ್ಟಿಲು, ಗರಡಿಯ ಅಂಗಳ, ಅಶ್ವತ್ಥ ಕಟ್ಟೆ. ತೀರ ಹತ್ತಿರದ್ದನ್ನು ಮಗುವಿನ ಕಣ್ಣಿಂದ ಹುಡುಕಿ: ಹಗ್ಗ ಉಜ್ಜಿ ಗೀರು ಬಿದ್ದ ಬಾವಿಯ ಕಲ್ಲು, ಯಾವಾಗಲೂ ಬೈಯುವ ಅಜ್ಜಿಯ ಜಗಲಿ, ಎಣ್ಣೆಯ ಗಾಣದ ಕಿರ್ರೆನ್ನುವ ಸದ್ದು. ಕತ್ತಲೆಯಲ್ಲಿ, ಜಡಿಮಳೆಯಲ್ಲಿ ಕಣ್ಣು ಸೋತಾಗ ದಾರಿ ತೋರಿಸುವುದು ಸದ್ದು ಮತ್ತು ವಾಸನೆ. ಬಾಗಿಲು ಮುಚ್ಚುವ ನಗಾರಿ, ಬಾಂಗ್, ಶಂಖ, ದಕ್ಕೆಯ ಮೀನು, ಉಗ್ರಾಣದ ಹುಲ್ಲು. ಇವನ್ನೂ ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ಬರೆದುಕೊಳ್ಳುತ್ತೇನೆ.

ಒಂದು ಗುರುತಿಗಾದರೂ ಕಥೆ ಇರಲಿ, ಆ ಕಥೆಯನ್ನು ಎರಡು ಕೇರಿಯವರು ಎರಡು ಬಗೆಯಲ್ಲಿ ಹೇಳಲಿ. ಕನಕನ ಕಿಂಡಿ ಗೋಡೆಯಲ್ಲಿನ ಸಣ್ಣ ತೆರವು. ಆದರೆ ಅದರ ಮುಂದೆ ನಿಂತವರೆಲ್ಲ ಬರೇ ಕಿಂಡಿಯನ್ನು ನೋಡುವುದಿಲ್ಲ, ಹೊರಗೆ ನಿಂತ ಒಬ್ಬ ಭಕ್ತನನ್ನು ನೆನೆಯುತ್ತಾರೆ.

ಹೆಜ್ಜೆ 10: ವರ್ಷವನ್ನು ಹಾಯಿಸಿ ನೋಡಿ

ನಕ್ಷೆ ಆಯಿತೆಂದು ಎನಿಸಿದಾಗ ಹನ್ನೆರಡು ತಿಂಗಳನ್ನು ಅದರ ಮೇಲೆ ಓಡಿಸಿ. ಮೇ ಕೊನೆಯ ಪತ್ತನಾಜೆಗೆ ಭೂತಗಳ ಕೋಲ, ಯಕ್ಷಗಾನದ ಆಟಗಳೆಲ್ಲ ನಿಂತವು, ಗೆಜ್ಜೆ ಬಿಚ್ಚಿದರು. ಮಂಜಿಗಳನ್ನು ದಡಕ್ಕೆ ಎಳೆದು ಮಡಲು ಮುಚ್ಚಿದರು, ಎಲ್ಲಿ? ಅಷ್ಟು ಜಾಗ ಬಿಟ್ಟಿದ್ದೀರಾ? ಜಡಿಮಳೆಯ ತಿಂಗಳಾದ ಆಟಿಯಲ್ಲಿ ಉಗ್ರಾಣ ಅರ್ಧವಾಯಿತು, ಮನೆಗಳಲ್ಲಿ ಹಲಸಿನ ಬೀಜ, ಕೆಸುವಿನೆಲೆ. ನೂಲ ಹುಣ್ಣಿಮೆಗೆ ಸಮುದ್ರಪೂಜೆ, ಊರೆಲ್ಲ ಮಂಜಿ ಬಾಗಿಲಿನಿಂದ ದಡಕ್ಕೆ ನಡೆಯುತ್ತದೆ. ಬಾಗಿಲು ಅಷ್ಟು ಜನಕ್ಕೆ ಸಾಲುತ್ತದೆಯೇ? ಮಾಗಿಯಲ್ಲಿ ಘಟ್ಟದ ಎತ್ತುಗಳು ಇಳಿದವು, ಅವಕ್ಕೆ ನೀರು ಕುಡಿಸುವ ತೊಟ್ಟಿ ಬಾಗಿಲಿನ ಯಾವ ಬದಿ?

ಕೊನೆಗೆ ಊರಿನ ಮೂವರನ್ನು ಆರಿಸಿ ಒಂದೊಂದು ದಿನ ನಡೆಸಿ. ನಾನು ಆರಿಸಿದ್ದು ಘಟ್ಟದಿಂದ ಮೊದಲ ಸಲ ಬಂದ ಹೇರಿನವನನ್ನು, ಗೋಡೆಯ ಹೊರಗಿನ ಕೇರಿಯ ಒಬ್ಬ ತಾಯಿಯನ್ನು, ಮತ್ತು ಕೆರೆಯಿಂದ ನೀರು ಹೊರುವ ಹನ್ನೊಂದು ವರ್ಷದ ಹುಡುಗಿಯನ್ನು. ಹುಡುಗಿ ಮೇ ತಿಂಗಳ ಕೊನೆಯ ವಾರ ಬೆಳಗಿನ ಜಾವ ಎದ್ದಳು. ಮನೆಯ ಹಿಂದಿನ ಬಾವಿ ಉಪ್ಪಾಗಿದೆ. ಗಾಣದ ಸದ್ದು ಬಲಕ್ಕೆ ಬಿಟ್ಟು, ಹುಣಸೆಕಟ್ಟೆ ದಾಟಿ, ರಥಬೀದಿಯ ಮೂಲೆ ತಿರುಗಿ ಕೆರೆಗೆ ಬಂದಳು. ಮೇಲಿನ ಮೆಟ್ಟಿಲುಗಳು ಒಣಗಿ ಬಿಳಿಚಿವೆ. ನೀರಿಗೆ ಇಳಿಯಬೇಕಾದರೆ ಅವಳು ಎಷ್ಟು ಮೆಟ್ಟಿಲು ಇಳಿಯಬೇಕು? ನನ್ನ ನಕ್ಷೆಯಲ್ಲಿ ಆ ಸಂಖ್ಯೆ ಇರಲಿಲ್ಲ. ಹಾಳೆ ಮತ್ತೆ ಬಿಚ್ಚಿ ಎಣಿಸಿ ಬರೆದೆ: ಹನ್ನೊಂದು.